ಬುಡ ಸಣ್ಣ, ತುದಿ ದಪ್ಪ

ಕುಮಾರ ಪರ್ವತಕ್ಕೆಂದು ಹೊರಟ ನನ್ನ ಮೊದಲ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಕುಮಾರ ಪರ್ವತವನ್ನು ನೋಡಲೇ ಇಲ್ಲ. ಗಿರಿಗದ್ದೆಯ ಭಟ್ಟರ ಮನೆಯ ಜಗಲಿಯಲ್ಲಿ, ಯಾರದೋ ಕೊಡೆಗೂ ಇನ್ಯಾರದೋ ಒದ್ದೆ ಸಾಕ್ಸಿಗೂ ನಡುವೆ, ಗೋಡೆಗೊರಗಿ ನಿಂತು ನಾವು ವಾಪಸ್ ಬರುವುದನ್ನೇ ಕಾಯುತ್ತಿತ್ತು.

2013ರ ಡಿಸೆಂಬರ್ ಅದು. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿ 1712 ಮೀಟರ್. ನಡುವಿನ ಸುಮಾರು 1600 ಮೀಟರನ್ನು ಕಾಲೇ ಏರಬೇಕು. ಮೊದಲ ಪಾಲು ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ನನ್ನ ಬೆನ್ನಿನ ಚೀಲದಲ್ಲಿ ನಿಕಾನ್ ಡಿ7000, 18-105 ಲೆನ್ಸ್, ಎರಡೂ ಸೇರಿ 1.2 ಕೆಜಿ. ಚೀಲದ ಪಕ್ಕಕ್ಕೆ ಬಿಗಿದಿದ್ದ ಅಲ್ಯೂಮಿನಿಯಂ ಟ್ರೈಪಾಡ್ 1.8 ಕೆಜಿ, ಅದರ ತಲೆಗೆ, ಕ್ಯಾಮೆರಾ ಕೂರಿಸಿ ತಿರುಗಿಸಲು, ಮೂರು ಹಿಡಿಕೆಯ ಪ್ಯಾನ್ ಹೆಡ್ ಇನ್ನೊಂದು ಮುಕ್ಕಾಲು ಕೆಜಿ. ತೂಕಕ್ಕಿಂತ ಆ ಹಿಡಿಕೆಗಳದ್ದೇ ಕಾಟ. ಬಗ್ಗಿದರೆ ಒಂದು ಕಿವಿಯ ಹಿಂದೆ ತಿವಿಯುತ್ತಿತ್ತು, ಇನ್ನೊಂದು ಸಿಕ್ಕಸಿಕ್ಕ ಬಳ್ಳಿಯನ್ನೆಲ್ಲ ಹಿಡಿದೆಳೆಯುತ್ತಿತ್ತು. ಗಿರಿಗದ್ದೆ ತಲುಪುವಷ್ಟರಲ್ಲಿ ನನ್ನ ಎಡಹೆಗಲು ಬಲಹೆಗಲಿಗಿಂತ ಒಂದು ಅಂಗುಲ ಕೆಳಗಿಳಿದಿತ್ತು. ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡು ಮಲಗಿ, ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚ್ ಹಿಡಿದು ಹೊರಡುವಾಗ ಟ್ರೈಪಾಡನ್ನು ಒಮ್ಮೆ ಎತ್ತಿ ನೋಡಿದೆ. ಇದ್ದಲ್ಲೇ ಇಟ್ಟೆ.

ಕಲ್ಲುಮಂಟಪ ದಾಟಿ ಶೇಷಪರ್ವತದ ಹತ್ತಿರ ಬಂದಾಗ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಕೆಳಗಿನ ಕಣಿವೆಯಲ್ಲಿ ಮೋಡ, ಉಕ್ಕುವ ಮೊದಲು ಹಾಲು ಪಾತ್ರೆಯ ಅಂಚಿಗೆ ಬಂದು ನಿಲ್ಲುತ್ತದಲ್ಲ, ಹಾಗೆ ನಿಂತಿತ್ತು. ಆ ಬೆಳಕಿಗೆ ಕ್ಯಾಮೆರಾದ ಕಣ್ಣು ಅರ್ಧ ಸೆಕೆಂಡಾದರೂ ತೆರೆದಿರಬೇಕು. ಏದುಸಿರು ಬಿಡುತ್ತಿರುವವಳ ಕೈ ಅರ್ಧ ಸೆಕೆಂಡ್ ಅಲುಗದೆ ಎಲ್ಲಿ ನಿಲ್ಲುತ್ತದೆ? ಉಸಿರು ಕಟ್ಟಿದೆ, ಮೊಣಕೈಯನ್ನು ಬಂಡೆಗೆ ಒತ್ತಿದೆ, ಚೀಲದ ಮೇಲೆ ಕ್ಯಾಮೆರಾ ಇಟ್ಟೆ. ಊರಿಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಅಷ್ಟೂ ಫೋಟೊಗಳಲ್ಲಿ ಬೆಟ್ಟಕ್ಕೆ ಎರಡೆರಡು ಅಂಚು.

ಅವತ್ತಿನಿಂದ ನನ್ನ ತಲೆಯಲ್ಲಿ ಟ್ರೈಪಾಡ್ ಅಂದರೆ ತೂಕ, ತೂಕ ಅಂದರೆ ಟ್ರೈಪಾಡ್ ಎಂದಾಗಿಬಿಟ್ಟಿತು. ಎಲ್ಲ ಎಡವಟ್ಟೂ ಶುರುವಾದದ್ದು ಅಲ್ಲಿಂದಲೇ.

ಮುಂದಿನ ಟ್ರೈಪಾಡನ್ನು ಗ್ರಾಮುಗಳನ್ನಷ್ಟೇ ನೋಡಿ ಆನ್‌ಲೈನ್‌ನಲ್ಲಿ ತರಿಸಿದೆ. ಯಾವ ಕಂಪನಿ ಎಂಬುದು ಬೇಡ. ಹೆಡ್ ಸೇರಿಸಿ 900 ಗ್ರಾಂ. ಕಾಲುಗಳನ್ನು ಹಿಂದಕ್ಕೆ ಮಡಚಿದರೆ ಹೆಡ್ ಒಳಗೆ ಅಡಗಿ ಕೂತು ಇಡೀ ವಸ್ತು ಒಂದು ಮಡಚುವ ಕೊಡೆಯಷ್ಟಾಗುತ್ತಿತ್ತು. ಒಂದೊಂದು ಕಾಲಿಗೆ ಐದೈದು ತುಂಡು. ಪೆಟ್ಟಿಗೆಯ ಮೇಲೆ ‘8 ಕೆಜಿ ಹೊರುತ್ತದೆ’ ಎಂದು ಬರೆದಿತ್ತು. ನನ್ನದು 1.2 ಕೆಜಿ, ಇನ್ನೇನು ಬೇಕು ಅಂದುಕೊಂಡೆ.

2017ರ ಸೆಪ್ಟೆಂಬರಿನಲ್ಲಿ ಅದನ್ನು ಕುದುರೆಮುಖಕ್ಕೆ ಒಯ್ದೆ. ಮುಳ್ಳೋಡಿಯಿಂದ ಹತ್ತುವ ದಾರಿಯಲ್ಲಿ ಒಂಟಿಮರ ಅಂತ ಒಂದು ಜಾಗ ಇದೆ, ಹತ್ತಿದವರಿಗೆಲ್ಲ ಗೊತ್ತು. ಸುತ್ತ ಹುಲ್ಲು, ನಡುವೆ ಒಂದೇ ಮರ, ಆಚೆಗೆ ಗುಡ್ಡದ ಮೇಲೆ ಗುಡ್ಡ. ಮೋಡ ಮರದ ಹಿಂದಿನಿಂದ ಹರಿದುಹೋಗುವುದನ್ನು ಮೂರು ಸೆಕೆಂಡಿನ ಒಂದೇ ಫೋಟೊದಲ್ಲಿ ಹಿಡಿಯಬೇಕೆಂಬುದು ನನ್ನ ಆಸೆ. ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಹಾಕಿ, ಟ್ರೈಪಾಡಿನ ಐದೂ ತುಂಡು ಬಿಟ್ಟು, ನಡುಗಂಬವನ್ನೂ ಮೇಲಕ್ಕೆಳೆದು, ಎರಡು ಸೆಕೆಂಡಿನ ಟೈಮರ್ ಒತ್ತಿ ಕೈಬಿಟ್ಟೆ. ಒಂದಿಪ್ಪತ್ತು ಸಲ. ಏಣಿನ ಮೇಲೆ ಗಾಳಿ ಬೀಸುತ್ತಿದ್ದುದು ನಿಜ. ಮನೆಗೆ ಬಂದು ನೋಡಿದಾಗ ಮರದ ಎಲೆಗಳು ಕಲಸಿಹೋಗಿದ್ದವು. ಮರ ಗಾಳಿಗೆ ಅಲುಗಿದೆ, ಪಾಪ, ಅದರದ್ದೇನು ತಪ್ಪು ಅಂತ ಸಮಾಧಾನ ಮಾಡಿಕೊಂಡೆ. ಆಮೇಲೆ ಮರದ ಬುಡದಲ್ಲಿದ್ದ ಬಂಡೆ ಕಣ್ಣಿಗೆ ಬಿತ್ತು. ಅದಕ್ಕೂ ಎರಡು ಅಂಚು! ಬಂಡೆಯಂತೂ ಗಾಳಿಗೆ ಅಲುಗಿರಲಿಕ್ಕಿಲ್ಲ.

ಆ ರಾತ್ರಿ ಮನೆಯ ಒಳಗೇ, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಒಂದು ಪರೀಕ್ಷೆ ಮಾಡಿದೆ. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಎದುರು ಗೋಡೆಯ ಕ್ಯಾಲೆಂಡರಿನ ಪದವೊಂದಕ್ಕೆ ಗುರಿ ಮಾಡಿ, ಕ್ಯಾಮೆರಾದ ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಆದಷ್ಟು ಹಿಗ್ಗಿಸಿದೆ. ಲೆನ್ಸಿನ ತುದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಏಕಾದಶಿ ಎಂಬ ಅಕ್ಷರ ಪರದೆಯ ಮೇಲೆ ನೀರಿನೊಳಗಿನ ಮೀನಿನ ಹಾಗೆ ಓಲಾಡತೊಡಗಿತು. ಒಂದು, ಎರಡು, ಮೂರು, ನಾಲ್ಕು ಎಣಿಸುವವರೆಗೂ ನಿಲ್ಲಲಿಲ್ಲ. ನಡುಗಂಬ ಇಳಿಸಿದೆ; ಎರಡಕ್ಕೆ ಬಂತು. ಸಣ್ಣ ತುಂಡುಗಳೆರಡನ್ನು ಒಳಗೆ ಸೇರಿಸಿದೆ. ತಟ್ಟಿದ ಕೂಡಲೇ ನಿಂತಿತು. ವಿಷಯ ಅವತ್ತೇ ಅರ್ಥವಾಗಬೇಕಿತ್ತು. ಆಗಲಿಲ್ಲ. ‘ಕಾರ್ಬನ್ ಫೈಬರ್ ಕಾಲಿನದ್ದು ತೆಗೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬ ತೀರ್ಮಾನಕ್ಕೆ ಬಂದೆ. ದುಡ್ಡು ಕೂಡಿಡಲು ಶುರುಮಾಡಿದೆ.

ನನ್ನ ಚಿಕ್ಕಪ್ಪನ ತೋಟ ಇರುವುದು ಸುಳ್ಯದ ಕಡೆ. 2021ರಲ್ಲಿ ಅಲ್ಲಿಗೆ ಹೋದಾಗ ಈ ಒಂಬೈನೂರು ಗ್ರಾಮಿನ ಟ್ರೈಪಾಡನ್ನು ಅಂಗಳದಲ್ಲಿ ಬಿಚ್ಚಿ ಹಾಕಿಕೊಂಡು ಕೂತಿದ್ದೆ. ಹಿಂದಿನ ದಿನ ಹೊಳೆಯ ಮರಳು ಲಾಕುಗಳೊಳಗೆ ಸೇರಿ, ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಚಿಕ್ಕಪ್ಪ ತೋಟದಿಂದ ಬಂದವರು ಹೆಗಲ ಮೇಲಿನ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡು ನಿಂತರು.

“ಎಂತ ಮಾರಾಯ್ತಿ ಇದು? ಮೂರು ದೋಟಿ ಕಟ್ಟಿಕೊಂಡು ಬಂದಿದ್ದೀಯಲ್ಲ.”

“ಟ್ರೈಪಾಡ್ ಚಿಕ್ಕಪ್ಪ. ಕ್ಯಾಮೆರಾ ಇಡ್ಲಿಕ್ಕೆ.”

ಅವರು ಕುಕ್ಕರುಗಾಲಲ್ಲಿ ಕೂತು ಒಂದು ಕಾಲನ್ನು ಕೈಗೆ ತೆಗೆದುಕೊಂಡರು. ದಪ್ಪ ತುಂಡಿನಿಂದ ಶುರುಮಾಡಿ ಕೆಳಗಿನವರೆಗೆ ಬೆರಳು ಜಾರಿಸಿದರು. ಕೊನೆಯ ತುಂಡು ನನ್ನ ಕಿರುಬೆರಳಿಗಿಂತ ಸಣ್ಣ. ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅದುಮಿದರು. ಬಾಗಿತು.

“ಬುಡ ಸಣ್ಣ, ತುದಿ ದಪ್ಪ ಮಾಡಿದ್ದಾರಲ್ಲ. ನಿಲ್ಲುವುದು ಹೇಗೆ ಇದು?”

“ಮುಚ್ಚುವಾಗ ಒಂದರೊಳಗೊಂದು ಹೋಗ್ಬೇಕಲ್ಲ ಚಿಕ್ಕಪ್ಪ.”

“ಅದು ಮುಚ್ಚುವಾಗಿನ ಮಾತಾಯ್ತು. ನಾನು ಕೇಳಿದ್ದು ನಿಲ್ಲುವಾಗಿನದ್ದು.”

ಅಡಿಕೆ ಸೀಮೆಯವರಿಗೆ ಕಾರ್ಬನ್ ಫೈಬರಿನ ವಿಚಾರ ನಾನು ಹೇಳಿಕೊಡಬೇಕಾಗಿಲ್ಲ. ಮರ ಹತ್ತುವವರು ಸಿಗದೆ, ಗೊನೆ ತೆಗೆಯಲೂ ಬೋರ್ಡೋ ದ್ರಾವಣ ಬಿಡಲೂ ಈಗ ಎಷ್ಟೋ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಒಂದರೊಳಗೊಂದು ಸೇರುವ ಕೊಳವೆಗಳು, ಅರವತ್ತು ಎಂಬತ್ತು ಅಡಿಯವರೆಗೂ ಏರುತ್ತವೆ, ಆದರೂ ನೆಲದ ಮೇಲೆ ನಿಂತ ಒಬ್ಬ ಮನುಷ್ಯ ಎತ್ತಿ ಹಿಡಿಯಬಹುದು. ಚಿಕ್ಕಪ್ಪ ಒಳಗಿಂದ ತಮ್ಮದನ್ನು ತಂದರು. ತುದಿಯ ತುಂಡುಗಳನ್ನು ಮೊದಲು ಬಿಟ್ಟು, ಒಂದೊಂದೇ ಕೊಳವೆ ಎಳೆದು ಲಾಕು ಬಿಗಿಯುತ್ತ ನಡು ಎತ್ತರಕ್ಕೆ ಬಂದಾಗ ನಿಲ್ಲಿಸಿದರು. ತುದಿ ಸುಮ್ಮನಿತ್ತು. ಇನ್ನೂ ಎರಡು ತುಂಡು ಬಿಟ್ಟರು. ಗಾಳಿಯೇ ಇಲ್ಲ, ಅವರ ಉಸಿರಿಗೇ ಎನ್ನುವಂತೆ ತುದಿ ಒಂದು ಮಾರು ಆ ಕಡೆ ಈ ಕಡೆ ಓಲಾಡಿತು.

“ಗಿಡ್ಡ ಮರಕ್ಕೆ ಉದ್ದ ದೋಟಿ ಬಿಟ್ರೆ ಕುತ್ತಿಗೆಯೂ ಹೋಯ್ತು, ಗೊನೆಯೂ ಹೋಯ್ತು,” ಅಂದರು.

ಕ್ಯಾಲೆಂಡರಿನ ಮುಂದೆ ನಾನೇ ಕಂಡು ಕಡೆಗಣಿಸಿದ್ದ ವಿಷಯ ಅವತ್ತು ತಲೆಗೆ ಹೋಯಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಕಾಲೇಜಿನಲ್ಲಿ ಓದಿದ್ದೇ: ಕೊಳವೆಯ ಗೋಡೆಯ ದಪ್ಪ ಅಷ್ಟೇ ಇದ್ದರೆ, ಬಾಗದೆ ನಿಲ್ಲುವ ಅದರ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 22 ಮಿ.ಮೀ. ಬದಲು 28 ಮಿ.ಮೀ. ಕೊಳವೆ ಹಾಕಿದರೆ ತೂಕ ಕಾಲು ಭಾಗದಷ್ಟು ಹೆಚ್ಚುತ್ತದೆ, ಗಟ್ಟಿತನ ಮಾತ್ರ ಎರಡರಷ್ಟಾಗುತ್ತದೆ. ಉದ್ದದ ಕಡೆಯಿಂದಲೂ ಇದೇ ಘನದ ಆಟ. ಕೋಲನ್ನು ಐದರಲ್ಲಿ ಒಂದು ಪಾಲು ಗಿಡ್ಡ ಮಾಡಿದರೆ, ಅದೇ ಒತ್ತಡಕ್ಕೆ ಅದು ಬಾಗುವುದು ಮೊದಲಿನ ಅರ್ಧದಷ್ಟೇ. ಇವೆರಡನ್ನೂ ಪಕ್ಕಪಕ್ಕ ಇಟ್ಟಾಗ ನನ್ನ 900 ಗ್ರಾಮಿನ ಟ್ರೈಪಾಡ್ ಮಾಡಿದ ತಪ್ಪು ಕಂಡಿತು. ಎತ್ತರ ಬಿಟ್ಟುಕೊಡದೆ ತೂಕ ಇಳಿಸಲು ಹೋಗಿ ದಪ್ಪವನ್ನು ಬಿಟ್ಟುಕೊಟ್ಟಿದ್ದರು. ಬೆಟ್ಟಕ್ಕೆ ಬೇಕಾದದ್ದು ಅದರ ತಿರುಗುಮುರುಗು. ದಪ್ಪ ಇರಲಿ, ಎತ್ತರ ಹೋಗಲಿ.

ಹಾಗಾದರೆ ನನಗೆ ಎಷ್ಟು ಎತ್ತರ ಬೇಕು? ಅಂಗಡಿಯವರು ಯಾರೂ ಕೇಳದ ಪ್ರಶ್ನೆ ಇದು. ಕೊಳ್ಳುವ ನಾವೂ ಕೇಳಿಕೊಳ್ಳುವುದಿಲ್ಲ. ನಾನು 157 ಸೆಂ.ಮೀ. ಕಣ್ಣು ನೆತ್ತಿಗಿಂತ ಹತ್ತು ಹನ್ನೊಂದು ಸೆಂ.ಮೀ. ಕೆಳಗೆ, ಅಂದರೆ 146. ಟ್ರೈಪಾಡಿನ ಮೇಲೆ ಹೆಡ್ ಒಂದು 9 ಸೆಂ.ಮೀ., ಕ್ಯಾಮೆರಾದ ತಳದಿಂದ ಕಣ್ಣಿಟ್ಟು ನೋಡುವ ವ್ಯೂಫೈಂಡರಿಗೆ ಇನ್ನೊಂದು 8. ಕಳೆದರೆ 129. ನೆಟ್ಟಗೆ ನಿಂತು ನೋಡಲು ನನಗೆ 129 ಸೆಂ.ಮೀ. ಕಾಲುಗಳು ಧಾರಾಳ ಸಾಕು. ಆರಡಿ ಆಳುಗಳಿಗೆ ಮಾಡಿದ ಎತ್ತರವನ್ನು ನಾನು ಇಷ್ಟು ವರ್ಷ ಸುಮ್ಮನೆ ಹೊತ್ತಿದ್ದೆ. ಇಳಿಜಾರಿನಲ್ಲಿ ಒಂದು ಕಾಲು ಕೆಳಗಿಳಿಯಬೇಕಾಗುತ್ತದೆ, ಅದಕ್ಕೆ ಸ್ವಲ್ಪ ಹೆಚ್ಚುವರಿ ಇರಲಿ ಅನ್ನುವವರಿದ್ದಾರೆ. ನಿಜವೇ. ಆದರೆ ಇಳಿಜಾರಿನಲ್ಲಿ ನಾನು ನಿಲ್ಲುವುದೇ ಇಲ್ಲ, ಕೂರುತ್ತೇನೆ. ನನ್ನ ಹಳೆಯ ಫೋಟೊಗಳನ್ನು ತೆಗೆದು ನೋಡಿದೆ: ಬೆಟ್ಟದಲ್ಲಿ ಚೆನ್ನಾಗಿ ಬಂದವುಗಳಲ್ಲಿ ಹೆಚ್ಚಿನವು ಬಂಡೆಯ ಮೇಲೆ ಕೂತು, ಹುಲ್ಲಿನ ಮಟ್ಟಕ್ಕೆ ಬಗ್ಗಿ ತೆಗೆದವು. ಗಾಳಿಯೂ ಅಲ್ಲಿ ಕಡಿಮೆ. ಏಳು ಗಂಟೆ ನಡೆದ ಕಾಲಿಗೆ ಕೂರುವುದಕ್ಕೊಂದು ನೆಪವೂ ಸಿಗುತ್ತದೆ.

ಎತ್ತರದ ಮೋಹ ಬಿಟ್ಟ ಮೇಲೆ ನಡುಗಂಬದ ಮೋಹ ತಾನೇ ಹೋಗುತ್ತದೆ. ಮೂರು ಕಾಲಿನ ಮೇಲೆ ಒಂದು ಕಾಲನ್ನು ನಿಲ್ಲಿಸಿ ಅದರ ತಲೆಗೆ ಕ್ಯಾಮೆರಾ ಕೂರಿಸುವುದು ಅದು. ಅದನ್ನು ಎಳೆದ ಕ್ಷಣ, ಕೊಟ್ಟ ದುಡ್ಡಿನ ಅರ್ಧ ಗಾಳಿಗೆ ಹೋಯಿತು. ನಡುಗಂಬವೇ ಇಲ್ಲದ ಟ್ರೈಪಾಡುಗಳು ಇವೆ. ಕಾಲುಗಳನ್ನು ಅಗಲಿಸಿದರೆ ನೆಲಕ್ಕೆ ಅಂಟಿಕೊಂಡ ಹಾಗೆ ಕೂರುತ್ತವೆ, ಅಣಬೆಯ ಕೊಡೆಯ ಅಡಿಭಾಗವನ್ನೂ ತೆಗೆಯಬಹುದು. ನೂರಿನ್ನೂರು ಗ್ರಾಂ ಉಳಿತಾಯವೂ ಆಯಿತು.

ಇನ್ನು ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಎಂಬುದು. ಜಿಟ್ಜೊ ಕಂಪನಿ ಮೊದಲ ಕಾರ್ಬನ್ ಫೈಬರ್ ಟ್ರೈಪಾಡ್ ತಂದದ್ದು 1994ರಲ್ಲಿ. ಇವತ್ತು ಬಗೆಬಗೆಯ ಬೆಲೆಯಲ್ಲಿ ಸಿಗುತ್ತವೆ. ಕಾರ್ಬನ್ ಹಗುರ, ನಡುಕವನ್ನು ಬೇಗ ಅಡಗಿಸುತ್ತದೆ, ಚಳಿಗೆ ಕೈ ಕೊರೆಯುವುದಿಲ್ಲ. ಅಲ್ಯೂಮಿನಿಯಂ ಬಿದ್ದರೆ ತಗ್ಗಾಗುತ್ತದೆ, ಕಾರ್ಬನ್ ಜೋರಾಗಿ ಪೆಟ್ಟು ತಿಂದರೆ ಸೀಳುತ್ತದೆ. ದರದ ಅಂದಾಜಿಗೆ ಒಂದು ಉದಾಹರಣೆ: ಪೀಕ್ ಡಿಸೈನ್‌ನವರು 2019ರಲ್ಲಿ ತಮ್ಮ ಟ್ರಾವೆಲ್ ಟ್ರೈಪಾಡ್ ತಂದಾಗ ಅಲ್ಯೂಮಿನಿಯಮ್ಮಿನದು 350 ಡಾಲರ್, ಕಾರ್ಬನ್ನಿನದು 600 ಡಾಲರ್. ಎರಡರ ತೂಕದ ವ್ಯತ್ಯಾಸ 300 ಗ್ರಾಮಿಗಿಂತ ಕಡಿಮೆ. ಗ್ರಾಮಿಗೆ ಹತ್ತಿರಹತ್ತಿರ ಒಂದು ಡಾಲರ್! ನೀರಿನ ಬಾಟಲಿಯಿಂದ ಮೂರು ಗುಟುಕು ಕುಡಿದರೆ ನೂರು ಗ್ರಾಂ ಇಳಿಯುತ್ತದೆ, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ದುಡ್ಡಿದ್ದರೆ ಕಾರ್ಬನ್ ತೆಗೆದುಕೊಳ್ಳಿ. ಇಲ್ಲದಿದ್ದರೆ ದಪ್ಪ ಕಾಲಿನ ಗಿಡ್ಡ ಅಲ್ಯೂಮಿನಿಯಂ ಟ್ರೈಪಾಡ್, ಕಡ್ಡಿ ಕಾಲಿನ ಉದ್ದ ಕಾರ್ಬನ್ ಟ್ರೈಪಾಡಿಗಿಂತ ಎಷ್ಟೋ ಮೇಲು. ಈ ಮಾತಿಗೆ ಯಾರಾದರೂ ಜಗಳಕ್ಕೆ ಬಂದರೆ ನಾನು ತಯಾರು.

‘ಇಷ್ಟು ಕೆಜಿ ಹೊರುತ್ತದೆ’ ಎಂಬ ಸಾಲನ್ನು ಓದುವುದನ್ನೇ ಬಿಟ್ಟಿದ್ದೇನೆ. ಮುರಿಯದೆ ಹೊರುವುದು ಬೇರೆ, ಅಲುಗದೆ ಹೊರುವುದು ಬೇರೆ. ಹುಣಸೆ ಬರಲೂ ಮುರಿಯುವುದಿಲ್ಲ. ಅದರ ಬದಲು ಮೇಲಿನ ಕೊಳವೆ ಎಷ್ಟು ಮಿ.ಮೀ., ಎಷ್ಟು ತುಂಡು ಎಂಬ ಎರಡು ಸಂಖ್ಯೆ ಹುಡುಕುತ್ತೇನೆ. ಕೆಲವರು ಇದನ್ನು ಹೆಸರಿನಲ್ಲೇ ಬರೆದಿರುತ್ತಾರೆ. ಲಿಯೋಫೋಟೊದ ಎಲ್‌ಎಸ್-284ಸಿ ಎಂದರೆ ಮೇಲಿನ ಕೊಳವೆ 28 ಮಿ.ಮೀ., ನಾಲ್ಕು ತುಂಡು, ಕಾರ್ಬನ್. 225ಸಿ ಎಂದರೆ 22 ಮಿ.ಮೀ., ಐದು ತುಂಡು. ಜಿಟ್ಜೊದಲ್ಲಿ ಸೀರೀಸ್ ಸಂಖ್ಯೆ ದೊಡ್ಡದಾದಷ್ಟೂ ಕಾಲು ದಪ್ಪ. ಪ್ರತಿ ತುಂಡಿಗೂ ಸುಮಾರು ಮೂರು ಮಿ.ಮೀ. ಸಣ್ಣದಾಗುತ್ತ ಹೋಗುತ್ತದೆ ಎಂದು ಲೆಕ್ಕ ಹಿಡಿದರೆ 28ರಿಂದ ಶುರುವಾದ ನಾಲ್ಕು ತುಂಡಿನದ್ದು 19ಕ್ಕೆ ನಿಲ್ಲುತ್ತದೆ. 22ರಿಂದ ಶುರುವಾದ ಐದು ತುಂಡಿನದ್ದು 10ಕ್ಕೆ ಇಳಿಯುತ್ತದೆ. ಚಿಕ್ಕಪ್ಪ ಎರಡು ಬೆರಳಲ್ಲಿ ಬಾಗಿಸಿದ್ದು ಆ ಹತ್ತನ್ನೇ.

ಕೊನೆಗೆ ನಾನು ಕೊಂಡದ್ದು 28 ಮಿ.ಮೀ., ನಾಲ್ಕು ತುಂಡು, ನಡುಗಂಬ ಇಲ್ಲದ ಕಾರ್ಬನ್. ಎತ್ತರ 120 ಸೆಂ.ಮೀ. ಚಿಲ್ಲರೆ. ಹೆಡ್ ಸೇರಿ 1.5 ಕೆಜಿ. ಹೌದು, ಹಿಂದಿನದಕ್ಕಿಂತ 600 ಗ್ರಾಂ ಹೆಚ್ಚು. ಹಗುರ ಟ್ರೈಪಾಡ್ ಹುಡುಕುತ್ತ ಹೋಗಿ ಭಾರದ್ದನ್ನು ತಂದೆಯಾ ಎಂದು ಮನೆಯಲ್ಲಿ ನಕ್ಕರು. ಅಷ್ಟರಲ್ಲಿ ಡಿ7000 ಮಾರಿ ಫ್ಯೂಜಿಫಿಲ್ಮ್ ಎಕ್ಸ್-ಟಿ30 ತೆಗೆದುಕೊಂಡಿದ್ದೆ. ಬ್ಯಾಟರಿ ಸಮೇತ 383 ಗ್ರಾಂ, 18-55 ಲೆನ್ಸ್ 310 ಗ್ರಾಂ. ಹಳೆಯ ಜೋಡಿ, ಕ್ಯಾಮೆರಾ ಟ್ರೈಪಾಡ್ ಸೇರಿ, 2.1 ಕೆಜಿ ಇತ್ತು. ಹೊಸ ಜೋಡಿ 2.2. ಒಂದು ಬಾಳೆಹಣ್ಣಿನ ವ್ಯತ್ಯಾಸ. ಹೊರುವ ಬೆನ್ನಿಗೆ ಒಟ್ಟು ಮೊತ್ತ ಗೊತ್ತಾಗುತ್ತದೆಯೇ ಹೊರತು ಯಾವ ಸಾಲಿನಲ್ಲಿ ಎಷ್ಟು ಎಂಬುದಲ್ಲ.

ಹೆಡ್ ವಿಚಾರದಲ್ಲಿ ನಾನು ಇನ್ನೂ ಹೆಚ್ಚು ಪೆಟ್ಟು ತಿಂದಿದ್ದೇನೆ. ಹಿಡಿಕೆಗಳ ಪ್ಯಾನ್ ಹೆಡ್ ಸ್ಟುಡಿಯೊಗೆ ಸರಿ, ಕಾಡಿನ ದಾರಿಗೆ ಬಾಲ್ ಹೆಡ್ಡೇ ಸರಿ. ಒಂದು ಗುಂಡು, ಒಂದು ತಿರುಪು. ಆದರೆ ಸಣ್ಣ ಬಾಲ್ ಹೆಡ್ಡಿನ ಒಂದು ಕೆಟ್ಟ ಚಾಳಿ ಅಂಗಡಿಯಲ್ಲಿ ಕಾಣುವುದಿಲ್ಲ. ದಿಗಂತ ಸರಿಯಾಗಿ ಕೂರಿಸಿ ತಿರುಪು ಬಿಗಿದು ಕೈಬಿಟ್ಟರೆ, ಕ್ಯಾಮೆರಾ ಒಂದು ಕೂದಲೆಳೆಯಷ್ಟು ಕೆಳಗೆ ಬಾಗುತ್ತದೆ. ಅದಕ್ಕೆಂದು ಸ್ವಲ್ಪ ಮೇಲಕ್ಕೇ ಗುರಿಯಿಟ್ಟು ಬಿಗಿಯಬೇಕು, ಅದು ಎಷ್ಟು ಬಾಗುತ್ತದೋ ಊಹಿಸಬೇಕು. ಬೆಳಕು ಎರಡು ನಿಮಿಷ ಇರುವಾಗ ಈ ಊಹೆಯ ಆಟ ಎಷ್ಟು ಸಿಟ್ಟು ಬರಿಸುತ್ತದೆಂದರೆ, ಒಮ್ಮೆ ನಾನು ಹೆಡ್ಡಿಗೆ ಜೋರಾಗಿ ಬೈದಾಗ, ಪಕ್ಕದಲ್ಲಿ ಬುತ್ತಿ ಬಿಚ್ಚುತ್ತಿದ್ದವರು ತಮಗೇ ಬೈದದ್ದೆಂದು ಎದ್ದುಹೋದರು.

ಹಾಗಾಗಿ ಈ ಸಲ ಬೆಂಗಳೂರಿನ ಅಂಗಡಿಗೆ ನನ್ನದೇ ಕ್ಯಾಮೆರಾ ಒಯ್ದೆ, ನನ್ನಲ್ಲಿರುವ ಅತಿ ಭಾರದ ಲೆನ್ಸ್ ಹಾಕಿಕೊಂಡು. ಎದುರಿನ ಗೋಡೆಯ ಬೋರ್ಡಿಗೆ ಗುರಿಯಿಟ್ಟು, ಹಿಗ್ಗಿಸಿ, ಬಿಗಿದು, ಅಕ್ಷರ ಜಾರುತ್ತದೆಯೇ ನೋಡಿದೆ. ಮೂರು ಹೆಡ್ ಜಾರಿದವು, ನಾಲ್ಕನೆಯದು ನಿಂತಿತು. ಗುಂಡಿನ ವ್ಯಾಸ 30 ಮಿ.ಮೀ., ತೂಕ 300 ಗ್ರಾಂ. ಅಂಗಡಿಯ ಹುಡುಗ ಮೊದಲು ಮುಖ ಸಿಂಡರಿಸಿದ, ಆಮೇಲೆ ತಾನೂ ಬಗ್ಗಿ ನೋಡತೊಡಗಿದ. “ಮೇಡಂ, ಇದನ್ನ ಯಾರೂ ಹೀಗೆ ನೋಡಲ್ಲ,” ಅಂದ. ನೀವು ನೋಡಿ.

ಕ್ಯಾಮೆರಾದ ತಳಕ್ಕೆ ಬಿಗಿದು ಹೆಡ್ಡಿಗೆ ಕೂರಿಸುವ ಪ್ಲೇಟು ಆರ್ಕಾ-ಸ್ವಿಸ್ ಬಗೆಯದ್ದೇ ಇರಲಿ. ಯಾವ ಕಂಪನಿಯ ಹೆಡ್ಡಿಗೆ ಯಾವ ಕಂಪನಿಯ ಪ್ಲೇಟಾದರೂ ಬಹುತೇಕ ಕೂರುತ್ತದೆ, ಒಂದು ಕಳೆದರೆ ಇನ್ನೊಂದು ಸುಲಭವಾಗಿ ಸಿಗುತ್ತದೆ. ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸುವ ಅಭ್ಯಾಸ ಇರುವವರು ಎಲ್ ಆಕಾರದ ಪ್ಲೇಟ್ ನೋಡಬಹುದು. ತೂಕ ಮಧ್ಯಕ್ಕೇ ಬೀಳುತ್ತದೆ, ಹೆಡ್ಡನ್ನು ಪಕ್ಕಕ್ಕೆ ಮಲಗಿಸಬೇಕಾಗಿಲ್ಲ. ಮತ್ತೆ, ಪ್ಲೇಟಿನ ತಿರುಪಿಗೆ ಬೇಕಾದ ಅಲನ್ ಕೀ. ಐದು ಗ್ರಾಂ ಕೂಡ ಇಲ್ಲ. ಅದನ್ನು ಮನೆಯಲ್ಲಿ ಬಿಟ್ಟು ತಡಿಯಂಡಮೋಳ್ ಹತ್ತಿ, ಪ್ಲೇಟ್ ಸಡಿಲವಾಗಿ, ಐದು ಪೈಸೆ ನಾಣ್ಯ ಹುಡುಕಿದವಳು ನಾನು. ನಾಣ್ಯ ಸಿಕ್ಕಿದ್ದರೂ ಉಪಯೋಗವಿರಲಿಲ್ಲ, ಅಲನ್ ಕೀಗೆ ಆರು ಮೂಲೆ.

ಗಾಳಿಯ ದಿನ ಟ್ರೈಪಾಡಿನ ನಡುವಿನ ಕೊಕ್ಕೆಗೆ ಚೀಲ ನೇತುಹಾಕಿ ಎನ್ನುತ್ತಾರೆ ಎಲ್ಲರೂ. ನೇತುಹಾಕಿದ ಚೀಲ ಗಾಳಿಗೆ ತೊಟ್ಟಿಲಿನ ಹಾಗೆ ತೂಗುತ್ತದೆ, ಅದರ ಜೊತೆ ಕ್ಯಾಮೆರಾವೂ ತೂಗುತ್ತದೆ. ಚೀಲದ ಬುಡ ನೆಲಕ್ಕೆ ತಾಗುವಂತೆ ಹಗ್ಗ ಬಿಟ್ಟರೆ ಮಾತ್ರ ಪ್ರಯೋಜನ. ಚಿಕ್ಕಪ್ಪನಿಂದ ಕಲಿತದ್ದು ಇನ್ನೂ ಚೆನ್ನಾಗಿದೆ: ಬೈರಾಸಿನ ಮೂಲೆಗಳನ್ನು ಮೂರು ಕಾಲಿಗೂ ಜೋಳಿಗೆಯಂತೆ ಕಟ್ಟಿ, ಅದರಲ್ಲಿ ಎರಡು ಕಲ್ಲು ಇಡುವುದು. ತೂಕವನ್ನು ಊರಿನಿಂದ ಹೊರಬೇಕಾಗಿಲ್ಲ, ಬೆಟ್ಟದ ಮೇಲೆಯೇ ಬಿದ್ದಿರುತ್ತದೆ. ವಾಪಸ್ ಬರುವಾಗ ಬೈರಾಸಿನಲ್ಲಿ ಮುಖ ಒರೆಸಿಕೊಳ್ಳಲೂಬಹುದು, ಇಂಬಳ ಹತ್ತಿದೆಯೇ ಎಂದು ಮೊದಲು ಕೊಡವಿ ನೋಡಿಕೊಂಡರೆ.

ಕಾಲು ಬಿಡುವ ಕ್ರಮಕ್ಕೂ ಜಾಗ ನೋಡಬೇಕು. ಒಣ ನೆಲದಲ್ಲಿ ದಪ್ಪ ತುಂಡು ಮೊದಲು, ಸಣ್ಣದ್ದು ಬೇಕಾದರೆ ಮಾತ್ರ. ಹೊಳೆಯಲ್ಲಿ, ಜಲಪಾತದ ಬುಡದಲ್ಲಿ ಇದು ತಲೆಕೆಳಗು: ಕೊನೆಯ ಸಣ್ಣ ತುಂಡನ್ನು ಒಂದು ಗೇಣು ಮೊದಲು ಬಿಡಬೇಕು, ಲಾಕು ನೀರಿನಿಂದ ಮೇಲಿರುತ್ತದೆ. ಲಾಕಿನೊಳಗೆ ಮರಳು ಹೋದರೆ ಏನಾಗುತ್ತದೆಂದು ಅಂಗಳದಲ್ಲಿ ಕೂತು ನೋಡಿದ್ದೇನಲ್ಲ. ನೀರಿನ ಸೆಳೆತಕ್ಕೂ ಕಾಲು ನಡುಗುತ್ತದೆ. ಮರಳಾದರೆ ಒತ್ತಿ ಊರಬೇಕು, ಕಲ್ಲಾದರೆ ಸಂದಿ ಹುಡುಕಿ ಸಿಕ್ಕಿಸಬೇಕು. ಮನೆಗೆ ಬಂದ ಮೇಲೆ ಎಲ್ಲ ಬಿಚ್ಚಿ ಒರೆಸಿ ನೆರಳಲ್ಲಿ ಒಣಗಿಸುವುದು. ಮಳೆಗಾಲದಲ್ಲಿ ಒದ್ದೆ ಟ್ರೈಪಾಡನ್ನು ಮುಚ್ಚಿಟ್ಟರೆ ಒಳಗೆ ಬೂಸು ಬರುತ್ತದೆ.

ದೋಟಿಯವರು ಹೇಳುವ ಇನ್ನೊಂದು ಮಾತು ಬೆಟ್ಟಕ್ಕೂ ಬೇಕು. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಪ್ಲಾಸ್ಟಿಕ್ಕಿನ ಹಾಗೆ ಕಾಣುವುದರಿಂದ ಮರೆತುಬಿಡುತ್ತೇವೆ. ಚಿಕ್ಕಪ್ಪ ಕರೆಂಟಿನ ಲೈನ್ ಹಾದುಹೋಗುವ ಕಡೆಯ ಎರಡು ಸಾಲು ಮರಗಳಿಗೆ ದೋಟಿ ತೆಗೆದುಕೊಂಡೇ ಹೋಗುವುದಿಲ್ಲ, ಗೊನೆ ಉದುರಿದರೂ ಸರಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಬೋಳು ಗುಡ್ಡದ ಮೇಲೆ ಸಿಕ್ಕಿಬಿದ್ದಾಗ, ತಲೆಗಿಂತ ಎತ್ತರಕ್ಕೆ ಚೀಲದಿಂದ ಹೊರಚಾಚಿದ ಟ್ರೈಪಾಡನ್ನು, ಕಾರ್ಬನ್ ಆದರೂ ಅಲ್ಯೂಮಿನಿಯಂ ಆದರೂ, ನೆಲಕ್ಕೆ ಮಲಗಿಸಿ ದೂರ ಇಳಿದುಬಿಡುವುದು ಒಳ್ಳೆಯದು. ಮಿಂಚಿನ ಫೋಟೊ ಚೆನ್ನಾಗಿರುತ್ತದೆ, ಒಪ್ಪುತ್ತೇನೆ.

ಇಷ್ಟೆಲ್ಲ ಯಾಕೆ, ಮೊಬೈಲಿನ ನೈಟ್ ಮೋಡ್ ಇದೆಯಲ್ಲ, ಕ್ಯಾಮೆರಾದೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಬಂದಿದೆಯಲ್ಲ ಎಂದು ಗೆಳತಿಯರು ಕೇಳುತ್ತಾರೆ. ಹಗಲಿನ ಬೆಟ್ಟಕ್ಕೆ, ಗುಂಪಿನ ನಗುವಿಗೆ ಅದೇ ಸಾಕು. ನಾನೂ ಅರ್ಧಕ್ಕರ್ಧ ಚಾರಣಕ್ಕೆ ಟ್ರೈಪಾಡ್ ಒಯ್ಯುವುದಿಲ್ಲ. ನಕ್ಷತ್ರಕ್ಕೆ, ಹರಿಯುವ ನೀರಿಗೆ, ಸೂರ್ಯ ಹುಟ್ಟುವ ಮೊದಲಿನ ಅರ್ಧ ಗಂಟೆಗೆ ಮಾತ್ರ ಬೇರೆ ದಾರಿ ನನಗೆ ಸಿಕ್ಕಿಲ್ಲ. ಈಗ ಆ ಅರ್ಧ ಗಂಟೆಯೇ ದುರ್ಲಭ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ನಿಯಮ ಬಿಗಿಯಾಗಿದೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಿ, ಹಗಲಲ್ಲಿ ಹತ್ತಿ ಹಗಲಲ್ಲೇ ಇಳಿಯಬೇಕು. ಆ ಜಾತ್ರೆಯ ವಿಡಿಯೊ ನೋಡಿದ ಯಾರೂ ಇದಕ್ಕೆ ತಕರಾರು ತೆಗೆಯುವ ಹಾಗಿಲ್ಲ.

ಹಾಗಾಗಿ ಹೊಸ ಟ್ರೈಪಾಡ್ ನಕ್ಷತ್ರ ನೋಡಿದ್ದು ಬೆಟ್ಟದ ಮೇಲಲ್ಲ, ಚಿಕ್ಕಪ್ಪನ ಅಂಗಳದಲ್ಲಿ. ಫೆಬ್ರವರಿ ಕೊನೆಯ ಒಂದು ರಾತ್ರಿ, ಬೆಳಗಿನ ಜಾವ ನಾಲ್ಕೂವರೆ. ಆಗ್ನೇಯದಲ್ಲಿ ಆಕಾಶಗಂಗೆಯ ದಟ್ಟ ಭಾಗ ತೋಟದ ಮೇಲೆ ಏರುತ್ತಿತ್ತು. ಅಂಗಳ ತುಂಬ ಅಡಿಕೆ ಹರವಿದ್ದರು. ನಡುವೆ ಮೂರು ಕಡೆ ಅಡಿಕೆ ಸರಿಸಿ ಕಾಲುಗಳಿಗೆ ಜಾಗ ಮಾಡಿ, ದಪ್ಪನೆಯ ಎರಡು ತುಂಡು ಮಾತ್ರ ಬಿಟ್ಟು, ನೆಲಕ್ಕೆ ಕೂತೆ. 18 ಮಿ.ಮೀ. ಲೆನ್ಸಿಗೆ ಹದಿನೆಂಟು ಸೆಕೆಂಡು. ಅದಕ್ಕಿಂತ ಹೆಚ್ಚು ಬಿಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಚಿಕ್ಕಪ್ಪ ಎದ್ದು ಬಂದು, ಅಡಿಕೆಯ ಮೇಲೆ ಕಾಲಿಡದ ಹಾಗೆ ಅಂಚಿನಲ್ಲೇ ನಿಂತರು.

“ಇದಾದ್ರೆ ಅಡ್ಡಿಲ್ಲ. ಎಷ್ಟಾಯ್ತು?”

ನಾನು ಅರ್ಧ ಬೆಲೆ ಹೇಳಿದೆ. ಅವರು ದೋಟಿಯ ಬೆಲೆ ಹೇಳಿದರು. ಅದೂ ಅರ್ಧವೇ ಇರಬೇಕು, ಯಾಕೆಂದರೆ ಒಳಗಿನಿಂದ ಚಿಕ್ಕಮ್ಮ ಕೆಮ್ಮಿದರು.

ಬೆಳಗಾದ ಮೇಲೆ ಪರದೆಯಲ್ಲಿ ಹಿಗ್ಗಿಸಿ ತೋರಿಸಿದೆ. ಅಡಿಕೆ ಮರದ ಗರಿಗಳ ತುದಿ ತುದಿ ಬೇರೆಬೇರೆ ಕಾಣುತ್ತಿತ್ತು. ಚಿಕ್ಕಪ್ಪ ಆಕಾಶದ ಬಗ್ಗೆ ಏನೂ ಹೇಳಲಿಲ್ಲ, ಯಾವ ಮರದಲ್ಲಿ ಎಷ್ಟು ಗೊನೆ ಇದೆ ಎಂದು ಎಣಿಸಿದರು. ಆಮೇಲೆ ಒಳಗೆ ಹೋಗಿ ಪಂಪ್‌ಸೆಟ್ಟಿನ ವಯರಿಗೆ ಸುತ್ತುವ ಕೆಂಪು ಟೇಪ್ ತಂದು, ನಾನು ಕೂತು ನೋಡುವ ಎತ್ತರಕ್ಕೆ ಮೂರೂ ಕಾಲಿಗೆ ಒಂದೊಂದು ಸುತ್ತು ಹಾಕಿದರು. ಅವರ ದೋಟಿಯಲ್ಲೂ ಅಂಥದೇ ಗುರುತುಗಳಿವೆ, ಮೇಲಿನ ತೋಟಕ್ಕೊಂದು, ಕೆಳಗಿನ ತೋಟಕ್ಕೊಂದು.

ಟೇಪ್ ಇನ್ನೂ ಇದೆ. ಒಂದು ಕಾಲಿನದು ಸ್ವಲ್ಪ ಎದ್ದಿದೆ, ಅಂಟಿಗೆ ಅಡಿಕೆ ಸಿಪ್ಪೆಯ ನಾರು ಹಿಡಿದುಕೊಂಡಿದೆ.